ಅನುಮಾನ, ನಪುಂಸಕಲಿಂಗ

ಕೊಳ್ಳೇಗಾಲದಲ್ಲಿ ನಾವಿದ್ದ ಬಾಡಿಗೆ ಮನೆಯಲ್ಲಿ ಜಗಲಿ ಅಪ್ಪನದು, ಅಡಿಗೆಮನೆ ಅವ್ವನದು, ನಡುಮನೆ ಇಬ್ಬರಿಗೂ ಸೇರಿದ್ದು. ಯಾರೂ ಕೂತು ಹಂಚಿದ್ದಲ್ಲ. ಹಾಗೆ ನಡೆದುಕೊಂಡು ಬಂದಿತ್ತು. ಜಗಲಿಯ ಗೋಡೆಗೆ ಅಪ್ಪ ಒಂದು ಕರಿಹಲಗೆ ಹೊಡೆಸಿದ್ದ. ಸಂಜೆ ದೀಪ ಹಚ್ಚುವ ಹೊತ್ತಿಗೆ ರೇಷ್ಮೆಗೂಡಿನ ಮಾರ್ಕೆಟ್ಟಿನ ಗುಮಾಸ್ತರು, ಮಗ್ಗದ ಮನೆಗಳ ಹುಡುಗರು, ಪೋಸ್ಟಾಫೀಸಿನ ಒಬ್ಬಿಬ್ಬರು ಕಾಲು ತೊಳೆದುಕೊಂಡು ಬಂದು ಚಾಪೆಯ ಮೇಲೆ ಕೂರುತ್ತಿದ್ದರು. ಅಪ್ಪ ಅವರಿಗೆ ಹಿಂದಿ ಹೇಳಿಕೊಡುತ್ತಿದ್ದ. ಹಗಲು ಶಾಲೆಯಲ್ಲಿ ಹಿಂದಿ ಪಂಡಿತ, ಸಂಜೆ ಜಗಲಿಯಲ್ಲಿ. ಅವನು ಹುಟ್ಟಿದ್ದು ಯಳಂದೂರಿನ ಮಗ್ಗುಲಿನ ಮಾಂಬಳ್ಳಿಯಲ್ಲಿ, ಬೇಸಾಯದ ಮನೆಯಲ್ಲಿ. ಅಣ್ಣಂದಿರು ಗದ್ದೆಗಿಳಿದರೆ ಇವನನ್ನು ಮಠದ ಪಾಠಶಾಲೆಗೆ ಬಿಟ್ಟರು. ಅಲ್ಲಿ ಸಂಸ್ಕೃತ ಕಲಿತ, ವ್ಯಾಕರಣದ ರುಚಿ ಹತ್ತಿತು, ಆಮೇಲೆ ತಾನಾಗಿಯೇ ಓದಿಕೊಂಡು ಹಿಂದಿ ಪರೀಕ್ಷೆಗಳನ್ನು ಪಾಸು ಮಾಡಿದ. ನಮ್ಮ ಊರು ಮದ್ರಾಸಿನ ಕೈತಪ್ಪಿ ಮೈಸೂರಿಗೆ ಸೇರಿದ ಮೇಲೆ ಶಾಲೆಗೆ ಹಿಂದಿ ಹೇಳುವವರು ಬೇಕಾದರು. ಅಪ್ಪನಿಗೆ ಕೆಲಸ ಸಿಕ್ಕಿತು. ಮಾಂಬಳ್ಳಿಯ ಮನೆಯಲ್ಲಿ ಮೊದಲ ಬಾರಿಗೆ ಒಬ್ಬ ನೆರಳಲ್ಲಿ ಕೂತು ದುಡಿಯುವವನಾದ.

ಅವ್ವ ಕಾಮಗೆರೆಯವಳು. ಹೆಸರು ಗೌರಮ್ಮಣ್ಣಿ. ಕನ್ನಡವನ್ನೇ ಕೂಡಿಸಿ ಕೂಡಿಸಿ ಓದುತ್ತಿದ್ದವಳು ಬಾಗಿಲ ಹಿಂದೆ ಸೊಪ್ಪು ಬಿಡಿಸುತ್ತ ಕೂತು ಕಿವಿಯಲ್ಲೇ ಹಿಂದಿ ಕಲಿತಿದ್ದಳು. ಪಾಠ ಮುಗಿದು ಜನ ಹೋದ ಮೇಲೆ ಅಪ್ಪನನ್ನು ಕೆಣಕುವುದಕ್ಕೆ “ಖಾನಾ ತಯ್ಯಾರ್ ಹೈ” ಎನ್ನುತ್ತಿದ್ದಳು. ಅಪ್ಪ ನಗುತ್ತಿದ್ದ. ಸಂಜೆಯ ಪೂಜೆ ಅವನು ಊಟಕ್ಕೆ ಮುಂಚೆ ಮಾಡುತ್ತಿದ್ದ. ಅವ್ವ ಬಾವಿಯಿಂದ ಹೊಸ ನೀರು ತಂದು, ಮಣೆ ಹಾಕಿ, ವಿಭೂತಿ ಗಟ್ಟಿ ಇಟ್ಟು ಸರಿದುಕೊಳ್ಳುವಳು. ಅವನು ಅಂಗೈಯಲ್ಲಿ ಲಿಂಗವಿಟ್ಟುಕೊಂಡು ಕಣ್ಣು ಮುಚ್ಚುವಾಗ ಮನೆಯಲ್ಲಿ ನಾವು ಪಾತ್ರೆ ಸದ್ದು ಮಾಡುವಂತಿರಲಿಲ್ಲ. ಆಮೇಲೆ ಮೂವರೂ ಒಂದೇ ಸಾಲಿಗೆ ಕೂರುತ್ತಿದ್ದೆವು. ಹೆಂಗಸರು ಕೊನೆಗೆ ಉಣ್ಣಬೇಕೆಂಬುದು ಮಾಂಬಳ್ಳಿಯ ಪದ್ಧತಿ. ನಮ್ಮ ಮನೆಯಲ್ಲಿ ಅಪ್ಪ ಅದನ್ನು ಇಟ್ಟುಕೊಂಡಿರಲಿಲ್ಲ. ರಾಗಿಮುದ್ದೆ, ಉಪ್ಸಾರು, ಅರೆದ ಖಾರ. ಅವ್ವ ಗಂಗಳದಲ್ಲಿ ಮುದ್ದೆ ಇಕ್ಕಿದರೆ ಅಪ್ಪ ಅದಕ್ಕೆ ಬೆರಳಿನಿಂದ ಒಂದು ಗುಣಿ ಮಾಡಿ ಸಾರಿಗೆ ಕಾಯುತ್ತಿದ್ದ. ಆ ಗುಣಿ ನೋಡುವುದು ನನಗೆ ಇಷ್ಟ. ನಾನು ಒಬ್ಬಳೇ ಮಗಳು. ರಾಜಮ್ಮಣ್ಣಿ ಎಂದು ಹೆಸರಿಟ್ಟಿದ್ದರೂ ಎಲ್ಲರೂ ಕರೆಯುತ್ತಿದ್ದುದು ಕೂಸು ಎಂದೇ.

ಒಂದು ಸಂಜೆಯ ಪಾಠ ನನಗೆ ಇಂದಿಗೂ ಮಾತು ಮಾತಿಗೆ ನೆನಪಿದೆ. ಪಾಠದಲ್ಲಿ ‘ಅನುಮಾನ್’ ಎಂಬ ಮಾತು ಬಂತು. ಗೂಡಿನ ಮಾರ್ಕೆಟ್ಟಿನಲ್ಲಿ ತೂಕ ಬರೆಯುವ ಸಿದ್ದರಾಜು ಎಂಬವನು ಬಾಯಿ ಹಾಕಿದ.

“ಸಾ, ಇದ್ಕೆ ಹಿಂದಿ ಯಾಕ್ ಸಾ? ಅನುಮಾನ ಅಂದ್ರೆ ನಮ್ಮೂರೋರ್ಗೆ ಗೊತ್ತಿಲ್ವಾ?”

“ಗೊತ್ತಿರೋದೇ ತೊಂದ್ರೆ ಕಣಯ್ಯ,” ಎಂದ ಅಪ್ಪ, ಸೀಮೆಸುಣ್ಣ ತೆಗೆದುಕೊಂಡು.

ಹಲಗೆಯ ಮೇಲೆ ಆ ಶಬ್ದವನ್ನು ಅವನು ಕಡಲೆಕಾಯಿ ಸುಲಿದ ಹಾಗೆ ಸುಲಿದು ಇಟ್ಟ. ‘ಅನು’ ಎಂದರೆ ಹಿಂದೆ, ಅನುಸರಿಸಿ. ‘ಮಾ’ ಎಂಬುದು ಧಾತು, ಅಳೆಯುವುದು ಅದರ ಅರ್ಥ. ಅದಕ್ಕೆ ‘ಲ್ಯುಟ್’ ಎಂಬ ಪ್ರತ್ಯಯ ಹತ್ತಿದರೆ ‘ಅನ’ ಎಂದಾಗಿ ನಿಲ್ಲುತ್ತದೆ. ಕಂಡದ್ದನ್ನು ಹಿಂಬಾಲಿಸಿ ಕಾಣದ್ದನ್ನು ಅಳೆಯುವುದು ಅನುಮಾನ. ಸಂಸ್ಕೃತದಲ್ಲಿ ನಪುಂಸಕಲಿಂಗ. ಹಿಂದಿಗೆ ಬಂದ ಮೇಲೆ ಅಲ್ಲಿ ನಪುಂಸಕವೇ ಇಲ್ಲ. ಗಂಡಾಗಬೇಕು ಇಲ್ಲವೇ ಹೆಣ್ಣಾಗಬೇಕು. ಇದು ಪುಲ್ಲಿಂಗಕ್ಕೆ ಸೇರಿಕೊಂಡಿತು, ಕೊನೆಯ ಅಕಾರವನ್ನು ಬಿಟ್ಟಿತು. ‘ಮೇರಾ ಅನುಮಾನ್ ಹೈ ಕಿ ವರ್ಷಾ ಹೋಗೀ’ ಎಂದು ಬರೆದು ಎಲ್ಲರಿಂದಲೂ ಓದಿಸಿದ. ಮಳೆ ಬರಬಹುದು ಎಂದು ನನ್ನ ಅಂದಾಜು. ಅಲ್ಲಿ ಇದು ಅಂದಾಜೇ ಹೊರತು ಶಂಕೆಯಲ್ಲ. ಶಂಕೆಗೆ ಅವರಲ್ಲಿ ಸಂದೇಹ್ ಇದೆ, ಶಕ್ ಇದೆ. ಬಿಳಿಗಿರಿಯ ಬೆಟ್ಟದ ಮೇಲೆ ಹೊಗೆ ಕಂಡರೆ ಅಲ್ಲಿ ಕಾಡಿಗೆ ಬೆಂಕಿ ಬಿದ್ದಿದೆ ಎಂದು ತಿಳಿಯುತ್ತೀವಲ್ಲ, ಅದು ಸರಿಯಾದ ಅನುಮಾನ. ಬೆಳಗಿನ ಮಂಜನ್ನು ಹೊಗೆ ಅಂದುಕೊಂಡು ಬೆಂಕಿ ಬೆಂಕಿ ಎಂದು ಕೂಗಿದರೆ ಅದು ಕೆಟ್ಟ ಅನುಮಾನ. ಶಾಸ್ತ್ರದವರು ಇದನ್ನೆಲ್ಲ ವಿಂಗಡಿಸಿ ಇಟ್ಟಿದ್ದಾರೆ. ಕನ್ನಡದ ನಾವು ಮಾತ್ರ ಇದನ್ನು ಶಂಕೆ ಮಾಡಿಕೊಂಡೆವು. ಆಮೇಲೆ ಅವನು ಕೈಯ ಸುಣ್ಣ ಒರೆಸಿಕೊಳ್ಳುತ್ತ ಒಂದು ಮಾತು ಹೇಳಿದ.

“ಇನ್ನೊಂದು ನೋಡಿ. ಹಿಂದಿಯೋರು ಅನುಮಾನ್ ಕರ್ತಾ ಹೂಂ ಅಂತಾರೆ, ಅನುಮಾನ ಮಾಡ್ತೀನಿ ಅಂತ. ನಾವು ಏನಂತೀವಿ? ಅನುಮಾನ ಬಂತು ಅಂತೀವಿ. ಅಲ್ಲಿ ಅದು ಮನುಷ್ಯನ ಕೈಯಲ್ಲಿ ಅದೆ. ಇಲ್ಲಿ ಮನುಷ್ಯ ಅದರ ಕೈಯಲ್ಲಿ ಅವ್ನೆ. ಕ್ರಿಯಾಪದ ಬದಲಾದ್ರೆ ಬದುಕೇ ಬದಲಾಗೋಯ್ತದೆ.”

ಒಳಗಿನಿಂದ ಅವ್ವ, ಕಾಣಿಸಿಕೊಳ್ಳದೆ, “ಅಂಗಾದ್ರೆ ಸಾರ್ಗೆ ನಾನು ಕೈಯಳತೇಲಿ ಉಪ್ಪಾಕೋದು ಯಾವ್ದು?” ಎಂದಳು.

“ಅದೇ ಅಸ್ಲಿ ಅನುಮಾನ್!” ಎಂದ ಅಪ್ಪ. ಜಗಲಿಯೆಲ್ಲ ನಕ್ಕಿತು. ಅಷ್ಟು ಜನರ ಮುಂದೆ ಹೆಂಡತಿಯ ಮಾತಿಗೆ ಉತ್ತರ ಕೊಟ್ಟು ನಗುವ ಗಂಡಸನ್ನು ನಮ್ಮ ಬೀದಿಯಲ್ಲಿ ನಾನು ಬೇರೆ ಕಂಡಿರಲಿಲ್ಲ.

ಮದ್ರಾಸಿನ ಕಡೆ ಹಿಂದಿ ಬೇಡವೆಂಬ ಗಲಾಟೆ ಎದ್ದ ವರ್ಷ ನಮ್ಮಲ್ಲೂ ಅದರ ಬಿಸಿ ತಾಗಿತು. ಒಂದು ಬೆಳಿಗ್ಗೆ ಎದ್ದು ನೋಡಿದರೆ ಕರಿಹಲಗೆಗೆ ಯಾರೋ ಟಾರು ಬಳಿದಿದ್ದರು. ಅವ್ವ ಸೀಮೆಎಣ್ಣೆ ಹಾಕಿ ಉಜ್ಜಿದಳು, ಹೋಗಲಿಲ್ಲ. ಯಾರೋ ಪಡ್ಡೆಹುಡುಗರು ಬಿಡಿ ಎಂದು ಬೀದಿಯವರು ಹೇಳಿದರು. ಅಪ್ಪ ಬಿಡಲಿಲ್ಲ. ಯಾರ ಮನೆಯ ಮುಂದೆ ರಸ್ತೆ ಕೆಲಸ ನಡೆಯುತ್ತಿದೆ, ಟಾರು ಯಾರಿಗೆ ಸಿಗುತ್ತದೆ, ಹಿಂದಿನ ಸಂಜೆ ಪಾಠದಿಂದ ಯಾರು ಬೇಗ ಎದ್ದು ಹೋದರು ಎಂದು ಒಂದಕ್ಕೊಂದು ಕೂಡಿಸತೊಡಗಿದ. ಸಿದ್ದರಾಜುವನ್ನು ನಿಲ್ಲಿಸಿ ಕೇಳಿದ. ಅವನು ಕಣ್ಣಲ್ಲಿ ನೀರು ತಂದುಕೊಂಡು, “ನಿಮ್ ಅಲಗೆಗೆ ನಾನ್ ಬಳ್ದೇನಾ ಸಾ?” ಎಂದು ಹೇಳಿ ಹೋದವನು ಮತ್ತೆ ಬರಲಿಲ್ಲ. ಒಬ್ಬೊಬ್ಬರಾಗಿ ಉಳಿದವರೂ ಬಿಟ್ಟರು. ಜಗಲಿಯಲ್ಲಿ ಚಾಪೆ ಸುತ್ತಿ ನಿಲ್ಲಿಸಿದ್ದು ಹಾಗೇ ನಿಂತಿತು.

ಅದೇ ಹೊತ್ತಿಗೆ ಶಾಲೆಗೆ ಡಿಗ್ರಿ ಮಾಡಿದ ಹೊಸ ಹಿಂದಿ ಮೇಷ್ಟ್ರೊಬ್ಬರು ಬಂದರು. ಒಳ್ಳೆಯವರೇ. ಒಂದು ದಿನ ಅಪ್ಪನ ತರಗತಿಯ ಬಾಗಿಲ ಮುಂದೆ ಹಾದುಹೋಗುವಾಗ ಅವನು ‘ಮೇರಾ ಆತ್ಮಾ’ ಎಂದು ಹೇಳಿಕೊಡುತ್ತಿದ್ದುದು ಕೇಳಿಸಿತಂತೆ. ಒಳಗೆ ಬಂದು, ಮೆತ್ತಗೆ, “ಪಂಡಿತರೇ, ಹಿಂದೀಲಿ ಆತ್ಮಾ ಸ್ತ್ರೀಲಿಂಗ, ಮೇರೀ ಆತ್ಮಾ ಆಗ್ಬೇಕು,” ಎಂದರಂತೆ. ಸಂಸ್ಕೃತದಲ್ಲಿ ಅದು ಪುಲ್ಲಿಂಗ. ಅಪ್ಪ ಹಾಗೆಂದೇ ವರ್ಷಗಟ್ಟಲೆ ಕಲಿಸಿದ್ದ. ಮನೆಗೆ ಬಂದವನು ಅಂಗಿಯನ್ನೂ ಬಿಚ್ಚದೆ ನಿಘಂಟು ತೆಗೆದ. ಮೇಷ್ಟ್ರು ಹೇಳಿದ್ದೇ ಸರಿಯಾಗಿತ್ತು. ಪುಸ್ತಕ ಮುಚ್ಚಿ ಬಹಳ ಹೊತ್ತು ಅದರ ರಟ್ಟನ್ನು ಸವರುತ್ತ ಕೂತಿದ್ದ. ಅವ್ವ, “ಓಗ್ಲಿ ಬುಡಿ, ಒಂದು ಮಾತು ತಾನೇ,” ಎಂದದ್ದಕ್ಕೆ ಅವನು ತಲೆ ಎತ್ತಿ, “ಅವನನ್ನ ಬಾಗ್ಲ ಮುಂದೆ ನಿಲ್ಸಿದೋರು ಯಾರು?” ಎಂದು ಕೇಳಿದ. ಅವ್ವನಿಗೆ ಅರ್ಥವಾಗಲಿಲ್ಲ. ನನಗೂ ಆಗಲಿಲ್ಲ. ಆದರೆ ಆ ಪ್ರಶ್ನೆ ಕೇಳಿದ ಮುಖ ನಮ್ಮ ಅಪ್ಪನದಾಗಿರಲಿಲ್ಲ.

ಅವನಿಗೆ ಹೊಟ್ಟೆನೋವು ಶುರುವಾಯಿತು. ಊಟವಾದ ಸ್ವಲ್ಪ ಹೊತ್ತಿಗೆ ಎದೆಯ ಗೂಡಿನ ಕೆಳಗೆ ಕೈ ಒತ್ತಿಕೊಂಡು ಬಗ್ಗಿ ಕೂರುತ್ತಿದ್ದ. ಶಾಲೆಯಲ್ಲಿ ಕಾಫಿ ಕುಡಿಯುವುದು ಬಿಟ್ಟ. ನೆಂಟರ ಮನೆಯ ಊಟ ಬಿಟ್ಟ. ಒಂದು ಮಧ್ಯಾಹ್ನ, ರಜೆಯ ದಿನ, ಮುದ್ದೆಯ ತುತ್ತನ್ನು ಬಾಯಿಯ ಹತ್ತಿರ ಒಯ್ದವನು ಹಾಗೇ ಹಿಡಿದುಕೊಂಡು ಅವ್ವನ ಕಡೆ ನೋಡಿದ.

“ಇದಕ್ಕೆ ಏನ್ ಆಕಿದ್ದೀಯೆ?”

“ಉಪ್ಪು, ಉಳಿ, ಕಾರ,” ಎಂದಳು ಅವ್ವ. ತಮಾಷೆ ಎಂದುಕೊಂಡು ನಗುತ್ತಲೇ ಹೇಳಿದಳು.

“ಅದ್ ಗೊತ್ತು. ಅದಲ್ದೆ?”

ಅವ್ವನ ನಗು ಮುಖದ ಮೇಲೇ ಉಳಿದುಕೊಂಡಿತು, ಒಳಗಿನದು ಹೋಗಿತ್ತು. ಅವನು ತುತ್ತನ್ನು ಗಂಗಳದ ಅಂಚಿಗೆ ಇಟ್ಟು, ಕೈ ತೊಳೆದು ಎದ್ದ. ನಮ್ಮ ಕಡೆ ಯಾರದಾದರೂ ಮೈ ಸೊರಗಿದರೆ, ಅನ್ನ ಸೇರದಿದ್ದರೆ, ಯಾರೋ ಊಟದಲ್ಲಿ ಮದ್ದು ಹಾಕಿದ್ದಾರೆ ಎನ್ನುವುದು ಎಲ್ಲರ ಬಾಯಲ್ಲೂ ಬರುವ ಮಾತು. ಅಪ್ಪ ಆ ಮಾತು ಕೇಳಿದಾಗಲೆಲ್ಲ ಹಾಸ್ಯ ಮಾಡುತ್ತಿದ್ದವನು. ಮದ್ದು ಹಾಕುವ ಕೈಗೇ ಅಷ್ಟು ಶಕ್ತಿಯಿದ್ದರೆ ಅದು ರಾಗಿ ಯಾಕೆ ಬೀಸುತ್ತದೆ ಎಂದು ಕೇಳುತ್ತಿದ್ದವನು. ಅಂಥವನು ಒಂದು ವಾರದಲ್ಲಿ ಒಲೆಯನ್ನು ಅಡಿಗೆಮನೆಯಿಂದ ನಡುಮನೆಗೆ ತರಿಸಿದ. ಅವ್ವ ಅವನ ಕಣ್ಣ ಮುಂದೆ ಅಡಿಗೆ ಮಾಡಬೇಕು. ಅವನು ಮಣೆಯ ಮೇಲೆ ಪುಸ್ತಕ ಹಿಡಿದು ಕೂರುವನು, ಹಾಳೆ ತಿರುವುವನಲ್ಲ. ಅವಳು ಸೆರಗು ಸರಿಮಾಡಿಕೊಂಡರೆ, “ಕೈ ತೋರ್ಸು” ಎನ್ನುವನು. ಅವಳು ಎರಡು ಅಂಗೈಗಳನ್ನೂ ಬಿಡಿಸಿ ತೋರಿಸುವಳು. ಗೋಡೆಗೆಲ್ಲ ಹೊಗೆ ಹಿಡಿಯಿತು. ಪೂಜೆಯ ಮಣೆ ಇದ್ದ ಮೂಲೆಯೂ ಕಪ್ಪಾಯಿತು.

ಆಮೇಲೆ ನನ್ನ ಸರದಿ ಬಂತು. ಅಪ್ಪ ತನ್ನ ಗಂಗಳದಿಂದ ಮೊದಲ ತುತ್ತನ್ನು ಮುರಿದು ನನಗೆ ಕೊಡುತ್ತಿದ್ದ. ಹೊಸಬರು ಕಂಡಿದ್ದರೆ ಮಗಳ ಮೇಲಿನ ಮುದ್ದು ಎಂದುಕೊಳ್ಳುತ್ತಿದ್ದರು. ನಾನು ನುಂಗಿದ ಮೇಲೆ ಅವನು ನನ್ನ ಮುಖವನ್ನೇ ನೋಡುತ್ತ ಕೂರುವನು. ಸಾರು ಆರಿ ಕೆನೆ ಕಟ್ಟುವವರೆಗೆ ಹಾಗೇ. ನಾನು ಆಗ ಚಿಕ್ಕ ತರಗತಿಯಲ್ಲಿದ್ದೆ. ಆದರೆ ಮುಖವನ್ನು ಗೋಡೆಯ ಹಾಗೆ ಇಟ್ಟುಕೊಳ್ಳುವುದನ್ನು ಬೇಗ ಕಲಿತೆ. ಒಮ್ಮೆ ಮೆಣಸಿನಕಾಯಿ ಸಿಕ್ಕಿ ಹುಬ್ಬು ಗಂಟಾಯಿತು. ಗಂಗಳ ಅವ್ವನ ಮೈಮೇಲೆ ಹೋಗಿ ಬಿತ್ತು. ಬಿಸಿ ಸಾರು ಅವಳ ಮೊಣಕೈಯನ್ನು ಸುಟ್ಟಿತು. ಅವಳು ಅಳಲಿಲ್ಲ, ಚೆಲ್ಲಿದ್ದನ್ನು ಬಾಚುತ್ತ ನನಗೆ ಮಾತ್ರ ಕೇಳುವ ಹಾಗೆ, “ಕಾರ ಅನ್ಸುದ್ರೂ ಮಕ ಕಿವುಚ್ಬೇಡ ಕೂಸು, ಮೆಲ್ಗೆ ನೀರ್ ಕುಡಿ,” ಎಂದಳು. ನಾನು ಎಷ್ಟೋ ವರ್ಷ ಯಾವ ರುಚಿಗೂ ಮುಖದಲ್ಲಿ ಉತ್ತರ ಕೊಡಲಿಲ್ಲ. ಸಿಹಿಗೂ ಇಲ್ಲ. ನನ್ನನ್ನು ಕಲ್ಲು ಎಂದವರಿದ್ದಾರೆ, ಗರ್ವದವಳು ಎಂದವರೂ ಇದ್ದಾರೆ. ಆ ನಡುಮನೆಯಲ್ಲಿ ಕೂತು ಉಂಡವರಿಗೆ ಅದು ಯಾಕೆಂದು ಗೊತ್ತಾಗುತ್ತಿತ್ತು.

ಕಾಮಗೆರೆಯಿಂದ ಅವ್ವನ ತಮ್ಮ ಬಸವಣ್ಣಮಾವ ಬಂದ. ಬೇಸಾಯದವನು, ಮೃದು ಸ್ವಭಾವ, ಅಕ್ಕನೆಂದರೆ ಪ್ರಾಣ. ಅವಳ ಕೈಯ ಸುಟ್ಟ ಗುರುತು ನೋಡಿದ. ಹಿತ್ತಲಿನ ಬಾವಿಕಟ್ಟೆಯ ಮೇಲೆ ಇಬ್ಬರೂ ಕೂತಿದ್ದಾಗ ನಾನು ಪಕ್ಕದಲ್ಲೇ ಇದ್ದೆ.

“ಭಾವನ ಮನ್ಸಲ್ಲಿ ಮದ್ದು ಬಿದ್ದದೆ ಅಂತ ಕೂತ್ಬುಟ್ಟದೆ ಕಣಕ್ಕ. ಹನೂರಿಂದಾಚೆ ಒಬ್ಬ ಮದ್ದು ತೆಗೆಯೋನವ್ನೆ. ಕರ್ಕೊಂಡೋಗಿ ತೆಗುಸ್ಬುಟ್ರೆ ಎಲ್ಲಾ ಸರಿಯೋಯ್ತದೆ.”

“ಅವರು ಅದ್ನೆಲ್ಲ ನಂಬೋರಲ್ಲಪ್ಪ,” ಎಂದಳು ಅವ್ವ.

“ಈಗ ನಂಬ್ತಾರೆ ಬುಡು.”

ಅವ್ವ ಬಾವಿಯೊಳಗೆ ನೋಡುತ್ತ, “ಅವರ್ಗೆ ಸಮಾಧಾನ ಆಗೋದಾದ್ರೆ ಆಗ್ಲಿ,” ಎಂದಳು. ಅಪ್ಪನಿಗೆ ಹೇಳಿದವಳೂ ಅವಳೇ. ಅವನು ಜಗಳವಾಡುತ್ತಾನೆ, ಇದು ಮೂಢರ ಕೆಲಸ ಎನ್ನುತ್ತಾನೆ ಎಂದು ನಾನು ಕಾದೆ. ಅಷ್ಟಾದರೂ ಬೈಯಲಿ ಎಂದು ನನಗೆ ಆಸೆಯಿತ್ತು. ಅವನು ಸ್ಕೂಲಿಗೆ ಕಳಿಸಿದ ಮಗುವಿನ ಹಾಗೆ ತಲೆಯಾಡಿಸಿದ.

ನಾವು ನಾಲ್ವರೂ ಬಸ್ಸಿನಲ್ಲಿ ಹನೂರಿಗೆ ಹೋಗಿ, ಅಲ್ಲಿಂದ ಗಾಡಿಯಲ್ಲಿ ಕಾಡಿನಂಚಿನ ಒಂದು ಹಟ್ಟಿಗೆ ಹೋದೆವು. ಮದ್ದು ತೆಗೆಯುವವನು ವಯಸ್ಸಾದವನು. ಅರ್ಧ ತಮಿಳು ಅರ್ಧ ಕನ್ನಡ ಮಾತಾಡುತ್ತಿದ್ದ. ಅಪ್ಪ ಮಡಿ ಪಂಚೆ ಉಟ್ಟು, ಹಣೆಗೆ ವಿಭೂತಿ ಹಚ್ಚಿಕೊಂಡು, ಹಸಿದ ಹೊಟ್ಟೆಯಲ್ಲಿ ಚಪ್ಪರದ ಕೆಳಗೆ ಕೂತ. ಆ ಮನುಷ್ಯ ಯಾವುದೋ ಸೊಪ್ಪಿನ ರಸ ಹಿಂಡಿ ಕುಡಿಸಿದ. ಸ್ವಲ್ಪ ಹೊತ್ತಿಗೆ ಅಪ್ಪ ವಾಂತಿ ಮಾಡಿಕೊಂಡ. ಕರುಳೇ ಕಿತ್ತು ಬರುವ ಹಾಗೆ ಓಕರಿಸುತ್ತಿದ್ದ. ಅವ್ವ ಹಿಂದಿನಿಂದ ಅವನ ಹಣೆ ಹಿಡಿದುಕೊಂಡಿದ್ದಳು. ಅಷ್ಟು ದಿನದಲ್ಲಿ ಅವನು ಅವಳ ಕೈಯನ್ನು ತನ್ನ ಮೈಮೇಲೆ ಬಿಟ್ಟುಕೊಂಡದ್ದು ಅದೊಂದೇ ಸಲ. ಆ ಮನುಷ್ಯ ಬೋಗುಣಿಯನ್ನು ಪಕ್ಕಕ್ಕೆ ಎಳೆದುಕೊಂಡು, ಕಡ್ಡಿಯಿಂದ ಕೆದಕಿ, ಹುಣಿಸೆ ಬೀಜದಷ್ಟು ದಪ್ಪದ ಒಂದು ಕಪ್ಪು ಗಂಟನ್ನು ಎತ್ತಿ ಎಲೆಯ ಮೇಲಿಟ್ಟ. ಅದಕ್ಕೆ ಕೂದಲು ಸುತ್ತಿಕೊಂಡಿತ್ತು.

“ಪಾರುಂಗೊ ಸಾಮಿ, ನೋಡಿ, ಇದೇ. ಇನ್ನು ಭಯ ಇಲ್ಲ.”

ಅಪ್ಪ ಬಾಯಿ ಮುಕ್ಕಳಿಸಿದ. ಎಲೆಯನ್ನು ಹತ್ತಿರ ತರಿಸಿಕೊಂಡು ನೋಡಿದ. ಬೆನ್ನು ನೆಟ್ಟಗೆ ಮಾಡಿಕೊಂಡು ಕೂತ. ನಾವು ಎಷ್ಟೋ ತಿಂಗಳಿನಿಂದ ಕೇಳದಿದ್ದ ಪಾಠದ ದನಿಯಲ್ಲಿ, ಒಂದೊಂದೇ ಅಕ್ಷರ ಬಿಡಿಸಿ ಹೇಳಿದ.

“ಇಲ್ಲೀವರೆಗೆ ಅನುಮಾನ. ಇನ್ನು ಮೇಲೆ ಪ್ರತ್ಯಕ್ಷ.”

ಮಾವ ಬಿಳಿಚಿಕೊಂಡ. ಹಾಗೆ ಒಂದು ಗಂಟನ್ನು ತೋರಿಸಿಬಿಡಿ, ಅವರ ಮನಸ್ಸಿಗೆ ಸಮಾಧಾನವಾದರೆ ಸಾಕು ಎಂದು ಮುಂಚೆಯೇ ಬಂದು ಆ ಮನುಷ್ಯನಿಗೆ ಹೇಳಿಹೋಗಿದ್ದವನು ಮಾವನೇ. ಇದನ್ನು ಅವನು ಅವ್ವನ ಮುಂದೆ ಬಾಯಿಬಿಟ್ಟದ್ದು ಬಹಳ ಕಾಲದ ಮೇಲೆ, ಅಪ್ಪ ಇಲ್ಲವಾದ ಮೇಲೆ. ಗಂಟು ಹೊರಗೆ ಬಂದರೆ ರೋಗ ಹೊರಗೆ ಬಂದಂತೆ ಎಂದು ಅವನು ತಿಳಿದಿದ್ದ. ಗಂಟು ಬಂದರೆ ಅದನ್ನು ಹಾಕಿದವರೂ ಒಬ್ಬರು ಇರಬೇಕಾಗುತ್ತದೆ ಎಂಬುದು ಅವನಿಗೆ ಹೊಳೆದಿರಲಿಲ್ಲ. ಅಪ್ಪ ಆಗಲೇ ಅವ್ವನ ಕಡೆ ತಿರುಗಿದ್ದ. ಕೋಪವಿರಲಿಲ್ಲ. ಲೆಕ್ಕ ಸರಿಹೋದವನ ನಿರಾಳ ಇತ್ತು. ವಾಪಸು ಬರುವಾಗ ಬಸ್ಸಿನಲ್ಲಿ ಅವನು ಮುಂದಿನ ಸೀಟಿನಲ್ಲಿ ಒಬ್ಬನೇ ಕೂತ. ಅವ್ವ ನನ್ನ ಪಕ್ಕದಲ್ಲಿ, ಎರಡು ಕೈಗಳನ್ನೂ ಸೆರಗಿನೊಳಗೆ ಇಟ್ಟುಕೊಂಡು, ಕಾಮಗೆರೆ ಬಂದರೂ ತಲೆ ಎತ್ತಿ ತವರಿನ ಕಡೆ ನೋಡಲಿಲ್ಲ.

ಆಮೇಲಿನದು ಬೇಗ ಬೇಗ ನಡೆಯಿತು. ಕಾಮಗೆರೆಯ ಆಸ್ಪತ್ರೆಗೆ ಮಾವ ಅಪ್ಪನನ್ನು ಹೊಟ್ಟೆನೋವಿನ ನೆಪದಲ್ಲಿ ಕರೆದುಕೊಂಡು ಹೋದ. ಅಲ್ಲಿನ ಡಾಕ್ಟರಮ್ಮ ತಾಳ್ಮೆಯಿಂದ ಮಾತಾಡಿಸಿ, ಹೊಟ್ಟೆಯಲ್ಲಿ ಹುಣ್ಣಾಗಿದೆ, ಆದರೆ ದೊಡ್ಡ ಕಾಯಿಲೆ ಮನಸ್ಸಿನದು, ದೊಡ್ಡ ಊರಿನಲ್ಲಿ ತೋರಿಸಿ ಎಂದರು. ಅಪ್ಪ ಹೋಗಲಿಲ್ಲ. ಅವರು ಕೊಟ್ಟ ಮಾತ್ರೆಗಳನ್ನು ಒಂದೊಂದಾಗಿ ಮುರಿದು ಮೂಸಿ ನೋಡಿ ಚರಂಡಿಗೆ ಎಸೆದ. ಶಾಲೆಗೆ ರಜೆ ಹಾಕಿದ, ರಜೆ ಮುಗಿದರೂ ಹೋಗಲಿಲ್ಲ. ಮಾಂಬಳ್ಳಿಯಿಂದ ದೊಡ್ಡಪ್ಪ ಬಂದು ನಡುಮನೆಯಲ್ಲಿ ಕೂತ. ಅಪ್ಪ ಅವನಿಗೆ ಒಣಗಿದ ಎಲೆಯಲ್ಲಿ ಸುತ್ತಿಟ್ಟಿದ್ದ ಗಂಟನ್ನು ತೋರಿಸಿದ. ದೊಡ್ಡಪ್ಪ ಕೆಟ್ಟವನಲ್ಲ. ಅವ್ವನ ಮುಖ ನೋಡಲಾಗದೆ ನೆಲ ನೋಡುತ್ತ ಹೇಳಿದ:

“ತಾಯಿ, ನೀನು ಸೊಲ್ಪ ದಿನ ತವರ್ಗೋಗವ್ವ. ನಾನು ನಿನ್ನ ಅಂತೋಳು ಅಂತಿಲ್ಲ. ಆದ್ರೆ ಕಣ್ಮುಂದೆ ಅದೆಯಲ್ಲ.”

“ನೀವೂ ಅದ ನಂಬ್ತೀರಾ ಭಾವ?” ಎಂದಳು ಅವ್ವ. ದೊಡ್ಡಪ್ಪ ಟವಲು ಹೆಗಲಿಗೆ ಹಾಕಿಕೊಂಡು ಜಗಲಿಗೆ ಎದ್ದು ಹೋದ.

ಅವ್ವ ಒಂದು ಸೀರೆ ಗಂಟು ಹಿಡಿದು ಬಸ್ಸು ಹತ್ತಿದಳು. ಕೂಸು ನನ್ನ ಹತ್ತಿರವೇ ಇರಲಿ ಎಂದು ಅಪ್ಪ ಹಠ ಹಿಡಿದದ್ದರಿಂದ ನಾನು ಉಳಿದೆ. ಅವನಿಗೆ ಅಡಿಗೆ ಮಾಡಲು ಕಲಿತೆ. ಹಿಟ್ಟು ತೊಳಸಲು ಕೈ ಸಾಲದೆ ಮುದ್ದೆಯಲ್ಲಿ ಗಂಟು ಉಳಿಯುತ್ತಿತ್ತು. ಅಪ್ಪ ಅದನ್ನು ಒಡೆದು ನೋಡಿ, ಹಿಟ್ಟೇ ಎಂದು ಖಾತರಿಯಾದ ಮೇಲೆ ತಿನ್ನುತ್ತಿದ್ದ. ಸುಖದ ದಿನಗಳೆಂದೇ ಹೇಳಬೇಕು. ಸಂಜೆ ನನಗೊಬ್ಬಳಿಗೇ ಶಬ್ದಗಳನ್ನು ಬಿಡಿಸಿ ತೋರಿಸುತ್ತಿದ್ದ. ಸಂಸ್ಕೃತದ ಯಾವ ಯಾವ ಗಂಡುಶಬ್ದಗಳು ಹಿಂದಿಗೆ ಹೋಗಿ ಹೆಣ್ಣಾದವು, ಮೃತ್ಯು ಹೇಗೆ ಗಂಡಾಗಿದ್ದದ್ದು ಹೆಣ್ಣಾಯಿತು, ದೇವತೆ ಹೇಗೆ ಹೆಣ್ಣಾಗಿದ್ದದ್ದು ಗಂಡಾಯಿತು. ಅವನ ವ್ಯಾಕರಣದಲ್ಲಿ ಎಲ್ಲೂ ಬಿರುಕಿರಲಿಲ್ಲ. ಒಬ್ಬ ಮನುಷ್ಯನ ತಲೆಯಲ್ಲಿ ಇಷ್ಟೆಲ್ಲ ಇಷ್ಟು ಅಚ್ಚುಕಟ್ಟಾಗಿ ಇರುವಾಗ ಉಳಿದದ್ದು ಹೇಗೆ ಕೆಡುತ್ತದೆ ಎಂದು ನಾನು ಕೇಳಿಕೊಳ್ಳುತ್ತಿದ್ದೆ. ಈ ವಯಸ್ಸಿನಲ್ಲೂ ಕೇಳಿಕೊಳ್ಳುತ್ತೇನೆ.

ಒಂದು ದಿನ ಮಾವ ಬೀದಿಯಲ್ಲಿ ನನ್ನನ್ನು ಕಂಡು, ಅವ್ವ ಕಳಿಸಿದ್ದು ಎಂದು ಒಂದು ಹಿಡಿ ಹಸಿ ಅವರೆಕಾಯಿ ಕೊಟ್ಟುಹೋದ. ನಾನು ಅದನ್ನು ಬಿಡಿಸಿ ಸಾರು ಮಾಡಿದೆ. ಎಲ್ಲಿಯದು ಎಂದು ಅಪ್ಪ ಕೇಳಿದ. ಹೇಳಿದೆ. ಅವನು ನನ್ನನ್ನು ನೋಡಿದ ನೋಟವನ್ನು ನಾನು ಮೊದಲೇ ಬಲ್ಲೆ. ಅಲ್ಲಿಯತನಕ ಅದು ನನ್ನ ಕಡೆ ತಿರುಗಿರಲಿಲ್ಲ.

“ಕೈ ತೋರ್ಸು,” ಎಂದ.

ನಾನು ಅಂಗೈ ಬಿಡಿಸಿದೆ. ಅವರೆಯ ಸೊಗಡು ಇನ್ನೂ ಕೈಯಲ್ಲಿತ್ತು. ಅವನು ಹತ್ತಿರ ತಂದುಕೊಂಡು ಮೂಸಿದ. ಆಮೇಲೆ ನನ್ನ ಕೈಯನ್ನು ಮೆಲ್ಲಗೆ, ಬಿಸಿ ಪಾತ್ರೆ ಇಳಿಸುವ ಹಾಗೆ, ಕೆಳಗೆ ಬಿಟ್ಟ. “ನೀನೂವಾ?” ಎಂದ. ಅಷ್ಟೇ. ಅಪ್ಪನೇ ಹೇಳಿಕಳಿಸಿದ್ದರಿಂದ ಆ ಸಂಜೆಯೇ ಮಾವ ಬಂದು ನನ್ನನ್ನು ಕಾಮಗೆರೆಗೆ ಕರೆದುಕೊಂಡು ಹೋದ. ದೊಡ್ಡಪ್ಪ ಕೊಳ್ಳೇಗಾಲದ ಮನೆ ಖಾಲಿ ಮಾಡಿಸಿ ಅಪ್ಪನನ್ನು ಮಾಂಬಳ್ಳಿಗೆ ಸಾಗಿಸಿದ. ಹಿತ್ತಲಿನ ಕೋಣೆಯೊಂದರ ಬಾಗಿಲು ಹಾಕಿಕೊಂಡು ಅವನೇ ಅನ್ನ ಬೇಯಿಸಿಕೊಳ್ಳುತ್ತಿದ್ದನಂತೆ; ಆಮೇಲೆ ಅಕ್ಕಿಯನ್ನೂ ನಂಬದಾದ. ಹಣ್ಣು ಮಾತ್ರ, ಅದೂ ಸಿಪ್ಪೆ ತಾನೇ ಸುಲಿದರೆ.

ಕೊನೆಯ ಸಲ ನಾನು ಅವನನ್ನು ನೋಡಲು ಹೋದಾಗ ಮೂಳೆಗೆ ಪಂಚೆ ಸುತ್ತಿದ ಹಾಗಿದ್ದ. ಶಾಲೆಯಲ್ಲಿ ಹಿಂದಿ ಯಾವ ಪಾಠ ನಡೆಯುತ್ತಿದೆ ಎಂದು ಕೇಳಿದ. ಹೇಳಿದೆ. ನನ್ನ ಒಂದು ವಾಕ್ಯದ ಕ್ರಿಯಾಪದವನ್ನು ತಿದ್ದಿದ. ನಾನು ತಂದಿದ್ದ ರಸಬಾಳೆಯ ಹಣ್ಣನ್ನು ಅವನ ಕೈಗಿಟ್ಟೆ. ಬೆಳಕಿಗೆ ಹಿಡಿದು ಸುತ್ತಲೂ ತಿರುಗಿಸಿ ನೋಡಿದ. ಸೂಜಿಯ ತೂತು ಹುಡುಕುತ್ತಿದ್ದ ಎಂದು ನನಗೆ ತಿಳಿಯಿತು. ತೂತು ಸಿಗಲಿಲ್ಲ. ಆದರೂ ಹಣ್ಣನ್ನು ಕಿಟಕಿಯ ಮೇಲಿಟ್ಟು, “ಆಮೇಲೆ ತಿಂತೀನಿ ಕೂಸು,” ಎಂದ. ತಿನ್ನುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ನನಗೆ ನೋವಾಗದಿರಲಿ ಎಂದು ಅವನು ಸುಳ್ಳು ಹೇಳಿದ್ದ; ಅಷ್ಟು ಅಪ್ಪ ಇನ್ನೂ ಒಳಗೆ ಉಳಿದಿದ್ದ. ಅದಾದ ಸ್ವಲ್ಪ ದಿನಕ್ಕೇ ಹೋಗಿಬಿಟ್ಟ. ನಮ್ಮವರ ಪದ್ಧತಿಯಂತೆ ಕೂರಿಸಿ ಮಣ್ಣು ಮಾಡಿದರು. ಅವ್ವ ಬಂದಿದ್ದಳು. ಹೆಂಗಸರು ಅವಳಿಗೆ ದಾರಿ ಬಿಟ್ಟರು, ಮುಟ್ಟಿ ಅಳಲು ಮಾತ್ರ ಯಾರೂ ಹತ್ತಿರ ಬರಲಿಲ್ಲ. ನಡುವೆ ಖಾಲಿ ಜಾಗ ಬಿಟ್ಟುಕೊಂಡು ನಿಂತಿದ್ದಳು.

ಕಾಮಗೆರೆಯ ತವರಿನಲ್ಲಿ ಅವ್ವ ಮತ್ತೆ ಒಲೆಯ ಮುಂದೆ ಕೂರಲಿಲ್ಲ. ನೀರು ತರುವಳು, ಪಾತ್ರೆ ಬೆಳಗುವಳು, ಕೊಟ್ಟಿಗೆ ಗುಡಿಸುವಳು; ತಿನ್ನುವ ಪದಾರ್ಥಕ್ಕೆ ಕೈ ಹಾಕಳು. ತಮ್ಮನ ಹೆಂಡತಿ ಎಷ್ಟು ಕರೆದರೂ, “ನನ್ನ ಕೈ ಬ್ಯಾಡ ಕಣಮ್ಮಿ,” ಎನ್ನುವಳು. ಮಾವ ತಾನು ಹನೂರಿನಾಚೆ ಮಾಡಿಸಿದ್ದನ್ನು ಹೇಳಿ ಅವಳ ಕಾಲು ಹಿಡಿದು ಅತ್ತ ದಿನವೂ ಅವಳು, “ನೀನು ಒಳ್ಳೇದ್ಕೇ ಮಾಡ್ದೆ,” ಎಂದಳೇ ಹೊರತು ಅವಳ ಮುಖದಲ್ಲಿ ಏನೂ ಹಗುರಾಗಲಿಲ್ಲ. ಮನೆಯಲ್ಲಿ ರೇಷ್ಮೆಹುಳ ಸಾಕುತ್ತಿದ್ದರು. ಹಿಪ್ಪುನೇರಳೆ ಸೊಪ್ಪು ಹೆಚ್ಚಿ ಹುಳಗಳಿಗೆ ಹಾಕುವ ಕೆಲಸವನ್ನು ಮಾತ್ರ ಅವಳು ತಾನೇ ವಹಿಸಿಕೊಂಡಳು. ತಟ್ಟೆಗಳ ಸಾಲಿನ ನಡುವೆ ಅವಳು ಓಡಾಡುವಾಗ, ಹುಳಗಳು ಸೊಪ್ಪು ಮೇಯುವ ಸದ್ದು ಸಣ್ಣ ಮಳೆಯಂತೆ ಕೇಳಿಸುವಾಗ, ಅವಳು ಸ್ವಲ್ಪ ಉಸಿರಾಡುತ್ತಿದ್ದಾಳೆ ಎನಿಸುತ್ತಿತ್ತು ನನಗೆ.

ನಾನು ಮೇಷ್ಟ್ರ ಕೆಲಸದ ಟ್ರೈನಿಂಗ್‌ನಲ್ಲಿದ್ದ ವರ್ಷ ಒಂದು ಬೆಳೆಯ ಹುಳಗಳಿಗೆ ರೋಗ ಬಿತ್ತು. ಊರಿನ ಬಹಳ ಮನೆಗಳಲ್ಲಿ ಹುಳ ಸತ್ತವು, ನಮ್ಮಲ್ಲೂ ಸತ್ತವು. ರಜೆಗೆ ಬಂದ ನಾನು ಒಳಗೆ ಹೋದಾಗ ಅವ್ವ ಖಾಲಿ ತಟ್ಟೆಗಳ ಮುಂದೆ ನೆಲದ ಮೇಲೆ ಕೂತಿದ್ದಳು. ಬಾಗಿಲಿನಿಂದ ಬಿಸಿಲು ಅವಳ ಕಾಲಿನವರೆಗೂ ಬಂದಿತ್ತು. ನಾನು ಪಕ್ಕದಲ್ಲಿ ಕೂತೆ.

“ನಾನಿಕ್ಕಿದ ಸೊಪ್ಪು ಕಣ್ ಕೂಸು,” ಎಂದಳು.

“ಊರಲ್ಲೆಲ್ಲ ಸತ್ತವೆ ಕಣವ್ವ. ರೋಗ ಅದು.”

ಅವಳು ಕೇಳಿಸಿಕೊಂಡ ಹಾಗೆ ಕಾಣಲಿಲ್ಲ. ಅಂಗೈಗಳನ್ನು ತೊಡೆಯ ಮೇಲೆ ಬಿಡಿಸಿಟ್ಟುಕೊಂಡು ನೋಡುತ್ತಿದ್ದಳು. ಆಮೇಲೆ, ಯಾರಾದರೂ ಕೇಳಿಯಾರು ಎಂಬ ಅಂಜಿಕೆ ಇಲ್ಲದೆ, ಸಾದಾ ದನಿಯಲ್ಲಿ ಹೇಳಿದಳು:

“ಒಂದೊಂದು ದಪ ನಂಗೇ ಗೊತ್ತಾಗಕಿಲ್ಲ ಮಗ. ನಿಮ್ಮಪ್ಪಾರು ಅಷ್ಟು ಓದ್ದೋರು. ಸುಮ್ನೆ ಅಂದಾರಾ? ನಂಗ್ ತಿಳೀದಂಗೆ ನಾನೇ ಏನಾರ ಆಕ್ಬುಟ್ನಾ?”

“ಇಲ್ಲ ಕಣವ್ವ! ಎಲ್ಲಾ ತುತ್ತನ್ನೂ ಮೊದ್ಲು ತಿಂದೋಳು ನಾನು. ಬದ್ಕಿಲ್ವಾ? ಮಾವನೇ ಒಪ್ಕೊಂಡಿಲ್ವಾ? ನೀನೇನೂ ಆಕಿಲ್ಲ. ನಂಗೊತ್ತು,” ಎಂದೆ. ಅವಳ ಭುಜ ಹಿಡಿದು ಅಲ್ಲಾಡಿಸಿದೆ.

ಅವ್ವ ನನ್ನ ಕಡೆ ತಿರುಗಿದಳು. ಜಗಳವಿರಲಿಲ್ಲ, ಅಳುವಿರಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕೆಂದು ಕೇಳುವವರ ಹಾಗೆ ಕೇಳಿದಳು.

“ನಿಂಗೆಂಗ್ ಗೊತ್ತು ಮಗ?”

ಕೇಳಿ, ಉತ್ತರಕ್ಕಾಗಿ ಕಾದಳು.